ಬ್ರೆಡ್ಡು ಬಲ್ಲವನೇ ಬಲ್ಲಿದ: ಬೆಂಗಳೂರಿನ ಸ್ಯಾಂಡ್‌ವಿಚ್ ಅಂಗಡಿಗಳು

ಬೆಂಗಳೂರಿನಲ್ಲಿ ಸ್ಯಾಂಡ್‌ವಿಚ್ ಎಂದೊಡನೆ ಹೊಸ ಬಗೆಯ ಕೆಫೆಗಳು ನೆನಪಾಗುವುದು ಸಹಜ. ಆದರೆ ಈ ತಿನಿಸಿನ ಸ್ಥಳೀಯ ರೂಪವನ್ನು ಅರಸುವವರು ಮೊದಲು ಹೋಗಬೇಕಾದುದು ಬಡಾವಣೆಯ ಅಯ್ಯಂಗಾರ್ ಬೇಕರಿಗೆ. ಹಾಸನ ಮೂಲದ ಎಚ್.ಎಸ್. ತಿರುಮಲಾಚಾರ್ ಅವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಆರಂಭಿಸಿದ ಬೆಂಗಳೂರು ಬ್ರದರ್ಸ್ ಬೇಕರಿಯಿಂದ ಈ ಪರಂಪರೆ ಬೆಳೆದು ಬಂದಿದೆ. ಮೊಟ್ಟೆಯಿಲ್ಲದ ಬ್ರೆಡ್ಡು, ಬನ್ನುಗಳಿಂದಾಗಿ ಸಸ್ಯಾಹಾರಿ ಕುಟುಂಬಗಳೂ ಈ ಬೇಕರಿಗಳ ಗ್ರಾಹಕರಾದವು.

ಈರುಳ್ಳಿ, ಕ್ಯಾರೆಟ್ ಪಲ್ಯವನ್ನು ಹರಡಿ ಬೆಣ್ಣೆಯೊಡನೆ ಕಾವಲಿಯ ಮೇಲೆ ಕಾಯಿಸಿದರೆ ಮಸಾಲ ಟೋಸ್ಟ್. ಸೀಳಿದ ಬನ್ನಿಗೆ ಬೆಣ್ಣೆ ಸವರಿ ಖಾರದ ಕಡಲೆಬೀಜ ತುಂಬಿದರೆ ಕಾಂಗ್ರೆಸ್ ಬನ್. 1969ರಲ್ಲಿ ಕಾಂಗ್ರೆಸ್ ಪಕ್ಷ ಇಬ್ಭಾಗವಾದುದನ್ನು ನೆನೆದು, ಎರಡು ಹೋಳಾದ ಕಡಲೆಬೀಜಕ್ಕೆ ಈ ಹೆಸರು ಬಂದಿತೆಂಬುದು ವಾಡಿಕೆಯ ಮಾತು. ವಿಶ್ವೇಶ್ವರಪುರದ ತಿಂಡಿ ಬೀದಿಯ ವಿ.ಬಿ. ಬೇಕರಿ ಈ ಬನ್ನಿಗೆ ಹೆಸರಾಗಿದೆ. ಜಯನಗರದ ಹರಿ ಸೂಪರ್ ಸ್ಯಾಂಡ್‌ವಿಚ್‌ನಂತಹ ಅಂಗಡಿಗಳು ಸ್ಯಾಂಡ್‌ವಿಚ್ಚನ್ನೇ ಮುಖ್ಯ ಸರಕಾಗಿಸಿಕೊಂಡು ಬೆಳೆದಿವೆ.

ಉತ್ತಮ ಅಂಗಡಿಯನ್ನು ಗುರುತಿಸುವ ಬಗೆ

ಮೊದಲ ಪರೀಕ್ಷೆ ಬ್ರೆಡ್ಡಿನದು. ಬ್ರೆಡ್ಡು ಒಲೆಯಿಂದ ಇಳಿದೊಡನೆ ಕತ್ತರಿಸಿದರೆ ಮುದ್ದೆಯಾಗುತ್ತದೆ; ಆರಿದ ಮೇಲಷ್ಟೇ ಹೋಳುಗಳು ಸರಿಯಾಗಿ ಬೀಳುತ್ತವೆ. ಶೀತಕಪೆಟ್ಟಿಗೆಯಲ್ಲಿಟ್ಟ ಬ್ರೆಡ್ಡು ಬೇಗನೆ ಬಿರುಸಾಗುತ್ತದೆ. ಆದುದರಿಂದ ಅಂದಿನ ಬ್ರೆಡ್ಡನ್ನು ಅಂದೇ ಖರ್ಚು ಮಾಡುವಷ್ಟು ವ್ಯಾಪಾರವುಳ್ಳ ಅಂಗಡಿಯೇ ಉತ್ತಮ ಅಂಗಡಿ. ಎರಡನೆಯದು, ಪಟ್ಟಿಯ ಉದ್ದ. ನಾಲ್ಕಾರು ತಿನಿಸುಗಳನ್ನಷ್ಟೇ ಮಾಡುವಲ್ಲಿ ಪಲ್ಯ, ಚಟ್ನಿ ಉಳಿಯುವುದಿಲ್ಲ. ಮೂರನೆಯದು, ಸಂಜೆಯ ಹೊತ್ತಿನ ಗಿರಾಕಿಗಳು. ಅಕ್ಕಪಕ್ಕದ ಮನೆಯವರೇ ದಿನವೂ ಬರುವ ಅಂಗಡಿಯು ತೂಕದಲ್ಲಾಗಲಿ ಬೆಣ್ಣೆಯಲ್ಲಾಗಲಿ ಕಡಿಮೆ ಮಾಡಿ ಬಹುಕಾಲ ನಿಲ್ಲಲಾರದು.

ರುಚಿಯ ಹಿಂದಿನ ಲೆಕ್ಕ

ಗಿರಾಕಿಗೆ ಕಾಣದ ನಾಲ್ಕನೆಯ ಪರೀಕ್ಷೆಯೊಂದಿದೆ: ಲೆಕ್ಕಪತ್ರ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಪಾವತಿಗಳ ಮೊತ್ತವನ್ನು ಆಧರಿಸಿ ಸಣ್ಣ ವರ್ತಕರಿಗೆ ನೋಟಿಸು ನೀಡಿದಾಗ ಬೇಕರಿ ಹಾಗೂ ಕಾಂಡಿಮೆಂಟ್ಸ್ ಮಾಲೀಕರು ಕಂಗಾಲಾದುದು ಎಲ್ಲರಿಗೂ ತಿಳಿದಿದೆ. ಬ್ರೆಡ್ಡಿಗೆ ಜಿಎಸ್‌ಟಿ ವಿನಾಯಿತಿಯಿದೆ. ಆದರೆ ಅದೇ ಬ್ರೆಡ್ಡನ್ನು ಕಾಯಿಸಿ ಬಡಿಸಿದ ಟೋಸ್ಟು ಹೋಟೆಲ್ ಸೇವೆಯ ಸಾಲಿಗೆ ಸೇರಿ ತೆರಿಗೆಗೆ ಒಳಪಡುತ್ತದೆ. ಸರಕು ಮಾತ್ರ ಮಾರುವವರಿಗೆ ನೋಂದಣಿಯ ಮಿತಿ ವಾರ್ಷಿಕ 40 ಲಕ್ಷ ರೂ. ಆದರೆ, ಸೇವೆಯೂ ಸೇರಿದ್ದರೆ 20 ಲಕ್ಷ ರೂ. ತೆರಿಗೆಗೆ ಒಳಪಡುವ ಸರಕನ್ನೂ ಜೊತೆಗೆ ಮಾರುವವರು ಈ ಮಿತಿಯನ್ನು ಲೆಕ್ಕ ಹಾಕುವಾಗ ವಿನಾಯಿತಿಯುಳ್ಳ ಬ್ರೆಡ್ಡಿನ ಮಾರಾಟವನ್ನೂ ಕೂಡಿಸಬೇಕೆಂಬುದನ್ನು ಅನೇಕರು ಗಮನಿಸಿರುವುದಿಲ್ಲ.

ಬ್ರೆಡ್ಡಿನ ಮಾರಾಟ, ಬಡಿಸಿದ ತಿನಿಸಿನ ಮಾರಾಟ, ಮನೆಯವರ ಸ್ವಂತ ಹಣದ ವ್ಯವಹಾರ ಇವು ಮೂರನ್ನೂ ಬೇರೆ ಬೇರೆ ಬರೆದಿಟ್ಟವರಿಗೆ ನೋಟಿಸು ಬಂದರೂ ಉತ್ತರಿಸುವುದು ಸುಲಭ. ವಹಿವಾಟು 1.5 ಕೋಟಿ ರೂ. ಮೀರದವರು ನಿಯಮಗಳಿಗೆ ಒಳಪಟ್ಟು ರಾಜಿ ತೆರಿಗೆ ಪದ್ಧತಿಯನ್ನೂ ಆರಿಸಿಕೊಳ್ಳಬಹುದು.

ಶತಮಾನ ದಾಟಿದ ಈ ಕಸುಬು ಜಾಹೀರಾತಿನ ಬಲದಿಂದ ಬೆಳೆದುದಲ್ಲ. ಅಂದಿನ ಸರಕು ಅಂದೇ ಖರ್ಚಾಗಬೇಕೆಂಬ ಶಿಸ್ತು ಅದನ್ನು ಕಾಪಾಡಿತು. ಅಂದಿನ ಲೆಕ್ಕ ಅಂದೇ ಪುಸ್ತಕಕ್ಕೆ ಏರಬೇಕೆಂಬ ಶಿಸ್ತೂ ಅದರೊಡನೆ ಸೇರಿದರೆ ಬಡಾವಣೆಯ ಬೇಕರಿ ಮುಂದಿನ ತಲೆಮಾರಿಗೂ ಉಳಿದೀತು.