ಒಂಟಿ ಗಿನಿಹಂದಿಗೆ ಜೊತೆ

ಮೂಕಪ್ರಾಣಿಯನ್ನು ಮನೆಗೆ ತರುವುದು ಸುಲಭ. ಅದರ ಸ್ವಭಾವವನ್ನರಿತು ಸಾಕುವುದು ಕಷ್ಟ. ಈ ಮಾತನ್ನು ನಾವು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಾಲೆಯ ಮಕ್ಕಳಿಗೆ ಬೋಧಿಸಿದೆವು. ಆದರೆ ಅದರ ಅರ್ಥವನ್ನು ನಮಗೆ ಬೋಧಿಸಿದುದು ಒಂದು ಗಿನಿಹಂದಿ.

ಹೆಸರಿನಲ್ಲಿ ಹಂದಿಯಿದ್ದರೂ ಇದು ಹಂದಿಯಲ್ಲ. ಗಿನಿ ದೇಶದ್ದೂ ಅಲ್ಲ. ಮೂಷಕವರ್ಗಕ್ಕೆ ಸೇರಿದ ಈ ಸಾಧುಪ್ರಾಣಿಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರಾಂತ. ಅಲ್ಲಿಯ ಜನರು ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಪಳಗಿಸಿದರು. ಗುಂಪಿನಲ್ಲಿ ಬಾಳುವುದು ಇದರ ಜಾತಿಧರ್ಮ. ಆದುದರಿಂದಲೇ ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಇದನ್ನು ಒಂಟಿಯಾಗಿ ಸಾಕಲು ಕಾನೂನು ಸಮ್ಮತಿಸುವುದಿಲ್ಲ.

ನಮ್ಮ ಮೊಮ್ಮಗನ ಗಂಡು ಗಿನಿಹಂದಿಯು ಗೂಡಿನ ಮೂಲೆಯಲ್ಲಿ ಮಂಕಾಗಿ ಕುಳಿತಿರುವುದನ್ನು ಕಂಡು ನಮಗೆ ಕನಿಕರವಾಯಿತು. ಪೇಟೆಯಿಂದ ಒಂದು ಹೆಣ್ಣನ್ನು ತಂದು ಆ ದಿನವೇ ಗೂಡಿನೊಳಗೆ ಬಿಟ್ಟೆವು. ಅದರ ವಯಸ್ಸನ್ನು ವಿಚಾರಿಸುವ ಬುದ್ಧಿ ನಮಗೆ ಬರಲಿಲ್ಲ. ಎರಡು ತಿಂಗಳು ಕಳೆದ ಮೇಲೆ ಆ ಬಡಪ್ರಾಣಿಯು ಒಂದು ರಾತ್ರಿಯೆಲ್ಲ ಹೆರಿಗೆಯ ನೋವಿನಿಂದ ನರಳಿ, ಬೆಳಗಾಗುವುದರೊಳಗೆ ಪ್ರಾಣಬಿಟ್ಟಿತು. ಮರಿಗಳೂ ಉಳಿಯಲಿಲ್ಲ.

ಕಾರಣವನ್ನು ಪಶುವೈದ್ಯರು ವಿವರಿಸಿದರು. ಗಿನಿಹಂದಿಯ ಮರಿಗಳು ಇಲಿಮರಿಗಳಂತೆ ಎಳಸಾಗಿ ಹುಟ್ಟುವುದಿಲ್ಲ. ಮೈತುಂಬ ರೋಮ, ತೆರೆದ ಕಣ್ಣು, ಮೂಡಿದ ಹಲ್ಲುಗಳೊಡನೆ ದೊಡ್ಡವಾಗಿಯೇ ಹುಟ್ಟುತ್ತವೆ. ಪ್ರಸವಕಾಲದಲ್ಲಿ ತಾಯಿಯ ಸೊಂಟದ ಮುಂಭಾಗದ ಎಲುಬುಗಳ ಸಂಧಿಯು ಸಡಿಲಿ ಅಗಲವಾದರೆ ಮಾತ್ರ ಅವು ಹೊರಬರಬಲ್ಲವು. ಆರೇಳು ತಿಂಗಳ ವಯಸ್ಸಿನೊಳಗಾಗಿ ಒಮ್ಮೆಯೂ ಹೆರದ ಹೆಣ್ಣಿನಲ್ಲಿ ಈ ಸಂಧಿಯು ಬಿಗಿದುಕೊಳ್ಳುವ ಸಂಭವ ಹೆಚ್ಚು. ಆಗ ಶಸ್ತ್ರಚಿಕಿತ್ಸೆಯಲ್ಲದೆ ಬೇರೆ ಗತಿಯಿಲ್ಲ, ಅದರಲ್ಲಿಯೂ ಅಪಾಯವುಂಟು.

ಹಾಗಾದರೆ ಗಂಡಿಗೆ ಹೆಣ್ಣಿನ ಸಹವಾಸವೇ ಕೂಡದೆ? ಕೂಡುತ್ತದೆ, ಆದರೆ ಮೊದಲು ಬಲ್ಲ ವೈದ್ಯರಿಂದ ಗಂಡಿಗೆ ಬೀಜ ತೆಗೆಸತಕ್ಕದ್ದು. ಇದಾದೊಡನೆ ಜೊತೆಗೂಡಿಸಬಾರದು. ಸುಮಾರು ಆರು ವಾರಗಳವರೆಗೆ ಅದರಲ್ಲಿ ಗರ್ಭಕಾರಕಶಕ್ತಿಯು ಉಳಿದಿರಬಹುದು. ಅಷ್ಟು ಕಾಲ ಬೇರೆಯಿರಿಸಿ, ಹೊಸದಾಗಿ ತಂದ ಹೆಣ್ಣನ್ನು ಎರಡು ವಾರವಾದರೂ ಪ್ರತ್ಯೇಕವಾಗಿಟ್ಟು, ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ತಂದುದು ನಿಜವಾಗಿ ಹೆಣ್ಣೆಂಬುದನ್ನೂ, ಗರ್ಭ ಧರಿಸಿಲ್ಲವೆಂಬುದನ್ನೂ ವೈದ್ಯರಿಂದಲೇ ತಿಳಿಯುವುದು ಕ್ಷೇಮ. ಒಂದು ಗಂಡಿಗೆ ಎರಡು ಮೂರು ಹೆಣ್ಣುಗಳಿದ್ದರೂ ಬಾಧಕವಿಲ್ಲ. ಹೆಣ್ಣಿನ ಸನ್ನಿಧಿಯಲ್ಲಿ ಎರಡು ಗಂಡುಗಳಿದ್ದರೆ ಮಾತ್ರ ಕಾಳಗ ತಪ್ಪದು.

ಮೊದಲ ಭೇಟಿಯು ಎರಡಕ್ಕೂ ಹೊಸದಾದ ಸ್ಥಳದಲ್ಲಿ ಆಗಲಿ. ಹುಲ್ಲನ್ನು ಧಾರಾಳವಾಗಿ ಹರಡಿ, ಎರಡು ಬಾಗಿಲುಗಳುಳ್ಳ ಅಡಗುದಾಣಗಳನ್ನು ಇಡಿರಿ. ಒಂದೇ ಬಾಗಿಲಿದ್ದರೆ ಒಳಹೊಕ್ಕುದು ಸಿಕ್ಕಿಬೀಳುತ್ತದೆ. ಗಂಡು ಗುರುಗುಟ್ಟುತ್ತ, ಸೊಂಟ ಬಳುಕಿಸುತ್ತ ಸುತ್ತುವುದು ಪ್ರಣಯದ ರೀತಿ. ಹೆಣ್ಣು ಸ್ವಲ್ಪ ಗದರಿಸಿದರೂ ಚಿಂತೆಯಿಲ್ಲ. ಹಲ್ಲು ಕಟಕಟಿಸುವುದು ಕೋಪದ ಸೂಚನೆ. ರಕ್ತ ಕಂಡರೆ ಒಡನೆ ಬೇರ್ಪಡಿಸತಕ್ಕದ್ದು. ಆಗ ಬರಿಗೈ ಹಾಕದೆ ದಪ್ಪ ಬಟ್ಟೆಯನ್ನು ನಡುವೆ ಒಡ್ಡಿರಿ.

ಬೀಜ ತೆಗೆಸದೆಯೇ ಜೊತೆಗೂಡಿಸಿ ಹೆಣ್ಣು ಗರ್ಭ ಧರಿಸಿದ್ದರೆ, ಹೆರಿಗೆಗೆ ಮುಂಚೆಯೇ ಗಂಡನ್ನು ಬೇರಿಡಬೇಕು; ಹೆತ್ತ ಕೆಲವು ಗಂಟೆಗಳಲ್ಲಿಯೇ ಅದು ಮತ್ತೆ ಗರ್ಭ ಧರಿಸಬಲ್ಲುದು. ಗಂಡುಮರಿಗಳನ್ನು ಮೂರು ವಾರಕ್ಕೆ ತಾಯಿಯಿಂದಲೂ ಸೋದರಿಯರಿಂದಲೂ ಅಗಲಿಸತಕ್ಕದ್ದು.

ಆಹಾರದ ವಿಷಯದಲ್ಲಿ ಒಂದೇ ಮಾತು: ಮನುಷ್ಯರಂತೆ ಈ ಪ್ರಾಣಿಯೂ ಸಿ ಜೀವಸತ್ವವನ್ನು ತನ್ನ ದೇಹದಲ್ಲಿ ಉತ್ಪಾದಿಸಲಾರದು. ಹುಲ್ಲಿನೊಡನೆ ನಿತ್ಯವೂ ಕೊತ್ತಂಬರಿಸೊಪ್ಪು, ದೊಣ್ಣೆಮೆಣಸಿನಕಾಯಿಯ ಚೂರು ಮೊದಲಾದುವನ್ನು ಕೊಡಿರಿ.

ಈಗ ನಮ್ಮ ಗೂಡಿನಲ್ಲಿ ವೈದ್ಯರ ಮಾತಿನಂತೆ ಕೂಡಿಸಿದ ಜೋಡಿಯಿದೆ. ಎರಡೂ ಒಂದೇ ಹುಲ್ಲಿನ ಕಡ್ಡಿಯನ್ನು ಎರಡು ತುದಿಗಳಿಂದ ಮೆಲ್ಲುವುದನ್ನು ನೋಡಿ ಮೊಮ್ಮಗನು ನಗುತ್ತಾನೆ. ನಾವೂ ನಗುತ್ತೇವೆ, ಆದರೆ ಹಿತ್ತಲಿನ ಪಾರಿಜಾತದ ಬುಡದಲ್ಲಿ ಹೂಳಿದ ಆ ಮೊದಲನೆಯದನ್ನು ಮರೆಯಲಾರೆವು. ಕನಿಕರವೊಂದೇ ಸಾಲದು, ಅದರ ಕೈಹಿಡಿದು ನಡೆಸುವ ತಿಳಿವಳಿಕೆಯೂ ಬೇಕು.