ಥರ್ಮಲ್ ಕ್ಯಾಮೆರಾದ ಕೆಂಪು ಮತ್ತು ಗಂಟಲಿನ ಸೋಂಕು

ಮೊಬೈಲಿಗೆ ಸಿಕ್ಕಿಸಿಕೊಳ್ಳುವಷ್ಟು ಚಿಕ್ಕ ಥರ್ಮಲ್ ಕ್ಯಾಮೆರಾಗಳು 2014ರ ಸುಮಾರಿಗೆ ಮಾರುಕಟ್ಟೆಗೆ ಬಂದವು. ವೈರಿಂಗ್ ಎಲ್ಲಿ ಬಿಸಿಯಾಗುತ್ತಿದೆ, ಗೋಡೆಯೊಳಗೆ ನೀರು ಎಲ್ಲಿ ಜಿನುಗುತ್ತಿದೆ ಎಂದು ಹುಡುಕಲು ಅವು ಬಹಳ ಉಪಯುಕ್ತ. ಅಂಥದ್ದೇ ಕ್ಯಾಮೆರಾವನ್ನು ಕತ್ತಿಗೋ ತೆರೆದ ಬಾಯಿಗೋ ಹಿಡಿದು ಗಂಟಲಿನ ಸೋಂಕನ್ನು ಗುರುತಿಸಬಹುದೇ ಎಂಬ ಪ್ರಯತ್ನಗಳೂ ನಡೆದಿವೆ. ಸೂಜಿಯಿಲ್ಲ, ನೋವಿಲ್ಲ, ಮಗು ಹೆದರುವುದಿಲ್ಲ. ಹಾಗಾಗಿ ಪ್ರಯತ್ನವನ್ನು ಸ್ವಾಗತಿಸಲೇಬೇಕು. ಆದರೆ ಆ ಬಣ್ಣದ ಚಿತ್ರವನ್ನು ನೋಡಿದವರು ಅದರಲ್ಲಿ ಇಲ್ಲದ್ದನ್ನೂ ಓದಿಕೊಳ್ಳುತ್ತಾರೆ. ನನ್ನ ಆತಂಕ ಅಲ್ಲಿದೆ.

ತಪ್ಪು ಕಲ್ಪನೆ: ಇದು ಎಕ್ಸ್‌ರೇಯಂತೆ ಗಂಟಲಿನ ಒಳಗನ್ನು ತೋರಿಸುತ್ತದೆ.

ಈ ಕ್ಯಾಮೆರಾ ದೇಹದೊಳಕ್ಕೆ ಯಾವ ಕಿರಣವನ್ನೂ ಬಿಡುವುದಿಲ್ಲ. ನಮ್ಮ ಚರ್ಮ ತಾನಾಗಿಯೇ ಹೊರಸೂಸುವ ಅವಕೆಂಪು ಕಿರಣಗಳನ್ನು ಅದು ಹಿಡಿಯುತ್ತದೆ. 1800ರಲ್ಲಿ ವಿಲಿಯಂ ಹರ್ಷೆಲ್ ಪತ್ತೆಹಚ್ಚಿದ, ಕಣ್ಣಿಗೆ ಕಾಣದ ಕಿರಣಗಳಿವು. ಅವು ಬರುವುದು ತೀರಾ ಮೇಲ್ಪದರದಿಂದ. ಕತ್ತಿಗೆ ಹಿಡಿದರೆ ಸಿಗುವುದು ಕತ್ತಿನ ಚರ್ಮದ ಬಿಸಿ, ಟಾನ್ಸಿಲ್‌ನದಲ್ಲ. ಬಾಯಿ ತೆರೆಸಿದರೂ ಲೆಕ್ಕ ಸುಲಭವಲ್ಲ. ಉಸಿರು ಒಳಕ್ಕೆ ಹೋದಾಗ ಒದ್ದೆಯಾದ ಒಳಭಾಗ ತಣಿಯುತ್ತದೆ, ಹೊರಕ್ಕೆ ಬಂದಾಗ ಬೆಚ್ಚಗಾಗುತ್ತದೆ. ಆಗತಾನೆ ಬಿಸಿ ಕಾಫಿ ಕುಡಿದಿದ್ದರೆ ಕಾಣುವುದು ಕಾಫಿಯ ಬಿಸಿ.

ತಪ್ಪು ಕಲ್ಪನೆ: ಚಿತ್ರದಲ್ಲಿ ಕೆಂಪು ಕಂಡರೆ ಅಲ್ಲಿ ಸೋಂಕಿದೆ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಇದೇ. ಕೆಂಪು, ಹಳದಿ, ನೀಲಿ ಯಾವುದೂ ದೇಹದ ಬಣ್ಣಗಳಲ್ಲ, ತಂತ್ರಾಂಶ ಹಚ್ಚಿದ ಬಣ್ಣಗಳು. ಇಂಥ ಹೆಚ್ಚಿನ ಕ್ಯಾಮೆರಾಗಳು ಎದುರಿಗಿರುವುದರಲ್ಲಿ ಅತಿ ಬಿಸಿಯಾದ ಜಾಗಕ್ಕೆ ತಾವಾಗಿಯೇ ಕೆಂಪೋ ಬಿಳಿಯೋ ಕೊಡುತ್ತವೆ, ಅತಿ ತಣ್ಣಗಿನದಕ್ಕೆ ನೀಲಿ. ಫ್ರಿಜ್ಜಿನಿಂದ ತೆಗೆದ ಎರಡು ಲೋಟಗಳಷ್ಟೇ ಚಿತ್ರದಲ್ಲಿದ್ದರೂ ಅವುಗಳಲ್ಲಿ ಕೊಂಚ ಬೆಚ್ಚಗಿರುವುದು ಕೆಂಪಗೆ ಕಾಣುತ್ತದೆ. ಪೂರ್ತಿ ಆರೋಗ್ಯವಾಗಿರುವವರ ಕತ್ತಿನಲ್ಲೂ ದೊಡ್ಡ ರಕ್ತನಾಳ ಹಾದುಹೋಗುವ ಕಡೆ ಬಿಸಿಯ ಪಟ್ಟೆಯೊಂದು ಕಾಣಬಹುದು. ಬಿಸಿಲಲ್ಲಿ ನಡೆದು ಬಂದವರು, ಮಫ್ಲರ್ ಈಗಷ್ಟೇ ಬಿಚ್ಚಿದವರು, ಅತ್ತೂ ಅತ್ತೂ ಬೆವೆತ ಮಗು, ಎಲ್ಲರ ಚಿತ್ರವೂ ಬದಲಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಅಕ್ಕಪಕ್ಕದ ಎರಡು ಜಾಗಗಳ ನಡುವೆ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ವ್ಯತ್ಯಾಸವನ್ನು ಈ ಕ್ಯಾಮೆರಾಗಳು ಗುರುತಿಸಬಲ್ಲವು. ಆದರೆ ಪರದೆಯ ಮೇಲೆ ಬರುವ ಉಷ್ಣತೆಯ ಅಂಕಿ ಅಗ್ಗದ ಸಾಧನಗಳಲ್ಲಿ ಎರಡು ಮೂರು ಡಿಗ್ರಿ ಆಚೀಚೆ ಆಗಬಹುದು. ಜ್ವರ ಇದೆಯೋ ಇಲ್ಲವೋ ಎಂಬುದು ಒಂದೇ ಡಿಗ್ರಿಯಲ್ಲಿ ತೀರ್ಮಾನವಾಗುವಾಗ ಆ ಅಂಕಿಯನ್ನು ನೆಚ್ಚಿಕೊಳ್ಳಲಾಗದು. ಕತ್ತಿನ ಎಡಬಲಗಳನ್ನು ಹೋಲಿಸುವುದು, ಅದೇ ರೋಗಿಯ ಚಿತ್ರವನ್ನು ದಿನ ಬಿಟ್ಟು ಹೋಲಿಸುವುದು ಇದಕ್ಕೆ ಒಪ್ಪುವ ಕೆಲಸ. ಸಂಶೋಧಕರು ಆ ದಾರಿಯಲ್ಲಿ ಹೋದರೆ ಉಪಯೋಗವಾದೀತು.

ತಪ್ಪು ಕಲ್ಪನೆ: ಬಿಸಿ ಜಾಸ್ತಿಯಿದ್ದರೆ ಬ್ಯಾಕ್ಟೀರಿಯಾ, ಆಂಟಿಬಯೋಟಿಕ್ ಬೇಕೇ ಬೇಕು.

ಉರಿಯೂತ ಯಾವ ಕಾರಣಕ್ಕೆ ಬಂದರೂ ಬಿಸಿಯೇ. ವೈರಸ್ಸಿನ ಬಿಸಿ, ಬ್ಯಾಕ್ಟೀರಿಯಾದ ಬಿಸಿ ಎಂದು ಕ್ಯಾಮೆರಾ ಬೇರ್ಪಡಿಸಲಾರದು. ಗಂಟಲು ನೋವು ಬಹುಪಾಲು ಬರುವುದು ವೈರಸ್ಸಿನಿಂದ, ಅದಕ್ಕೆ ಆಂಟಿಬಯೋಟಿಕ್ ನಾಟುವುದಿಲ್ಲ. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಕಾರಣವಾಗುವುದು ಮಕ್ಕಳಲ್ಲಿ ನೂರಕ್ಕೆ ಸುಮಾರು 20ರಿಂದ 30, ದೊಡ್ಡವರಲ್ಲಿ 5ರಿಂದ 15 ಪ್ರಕರಣಗಳಲ್ಲಿ. ಇದನ್ನು ಅಂದಾಜಿಸಲು ವೈದ್ಯರು 1981ರಲ್ಲಿ ಪ್ರಕಟವಾದ ಸೆಂಟರ್ ಮಾನದಂಡವನ್ನು ಬಳಸುತ್ತಾರೆ: ಜ್ವರ, ಟಾನ್ಸಿಲ್ ಮೇಲೆ ಬಿಳಿ ಕೀವಿನ ಪದರ, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಡ್ಡೆಗಳು, ಕೆಮ್ಮು ಇಲ್ಲದಿರುವುದು. ಇವು ಹೊಂದಿದರೆ ಗಂಟಲಿನ ಸ್ವಾಬ್ ತೆಗೆಯುತ್ತಾರೆ. ರ‍್ಯಾಪಿಡ್ ಪರೀಕ್ಷೆಯ ಉತ್ತರ ಕೆಲವೇ ನಿಮಿಷಗಳಲ್ಲಿ ಬರುತ್ತದೆ, ಕಲ್ಚರ್‌ಗೆ ಒಂದೆರಡು ದಿನ ಬೇಕು.

ಇಷ್ಟು ಎಚ್ಚರ ಏಕೆಂದರೆ, ಸ್ಟ್ರೆಪ್ ಸೋಂಕಿಗೆ ಸರಿಯಾದ ಚಿಕಿತ್ಸೆ ಸಿಗದಿದ್ದರೆ ಕೆಲವು ಮಕ್ಕಳಲ್ಲಿ ಎರಡು ಮೂರು ವಾರಗಳ ಬಳಿಕ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳು ಹಾಳಾಗಬಹುದು. ನಮ್ಮ ದೇಶದಲ್ಲಿ ಈ ಕಾಯಿಲೆ ಇನ್ನೂ ಉಳಿದಿದೆ. ಸೋಂಕು ಶುರುವಾದ ಒಂಬತ್ತು ದಿನಗಳೊಳಗೆ ಔಷಧಿ ಆರಂಭಿಸಿದರೆ ಇದನ್ನು ತಡೆಯಬಹುದು. ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಮಾತ್ರೆ ಬರೆದುಕೊಟ್ಟಿದ್ದರೆ ಸಾಮಾನ್ಯವಾಗಿ ಹತ್ತು ದಿನ. ಮೂರನೇ ದಿನಕ್ಕೆ ನೋವು ಹೋಯಿತೆಂದು ನಿಲ್ಲಿಸುವಂತಿಲ್ಲ.

ತಪ್ಪು ಕಲ್ಪನೆ: ಕೋವಿಡ್ ಕಾಲದಲ್ಲಿ ವಿಮಾನ ನಿಲ್ದಾಣಗಳಲ್ಲಿ ಸೋಂಕನ್ನು ಹಿಡಿದದ್ದು ಇದೇ ಕ್ಯಾಮೆರಾ.

ಅದು ನೋಡಿದ್ದು ಮುಖದ ಬಿಸಿಯನ್ನು ಮಾತ್ರ. ಪ್ಯಾರಾಸಿಟಮಾಲ್ ನುಂಗಿ ಬಂದವರೂ ಜ್ವರವಿಲ್ಲದ ಸೋಂಕಿತರೂ ಅದರ ಕಣ್ಣಿಗೆ ಬೀಳುತ್ತಿರಲಿಲ್ಲ.

ನಿಮ್ಮ ವೈದ್ಯರು ಥರ್ಮಲ್ ಚಿತ್ರ ತೆಗೆದರೆ ತೆಗೆಯಲಿ. ಅದೊಂದನ್ನೇ ನೋಡಿ ಆಂಟಿಬಯೋಟಿಕ್ ಬರೆದರೆ, ಸ್ವಾಬ್ ಪರೀಕ್ಷೆ ಬೇಕಿಲ್ಲವೇ ಎಂದು ಸಂಕೋಚಪಡದೆ ಕೇಳಿ. ಮಗು ಎಂಜಲು ನುಂಗಲಾಗದೆ ಜೊಲ್ಲು ಸುರಿಸುತ್ತಿದ್ದರೆ, ಬಾಯಿ ತೆರೆಯಲು ಆಗದಿದ್ದರೆ, ಉಸಿರಿಗೆ ಕಷ್ಟಪಡುತ್ತಿದ್ದರೆ ಯಾವ ಚಿತ್ರಕ್ಕೂ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.