ಎಸ್ಪೊಸಿಟೊನ ಎರಡು ವಿನಿಮಯಗಳು

1967ರ ಮೇ 15ರಂದು ಷಿಕಾಗೋ ಬ್ಲ್ಯಾಕ್ ಹಾಕ್ಸ್ ತಂಡದವರು ಫಿಲ್ ಎಸ್ಪೊಸಿಟೊ, ಕೆನ್ ಹಾಡ್ಜ್, ಫ್ರೆಡ್ ಸ್ಟ್ಯಾನ್‌ಫೀಲ್ಡ್ ಎಂಬ ಮೂವರನ್ನು ಬಾಸ್ಟನ್ ಬ್ರೂಯಿನ್ಸ್ ತಂಡಕ್ಕೆ ಬಿಟ್ಟುಕೊಟ್ಟು, ಪ್ರತಿಯಾಗಿ ಪಿಟ್ ಮಾರ್ಟಿನ್, ಜಿಲ್ ಮರೊಟ್, ಜ್ಯಾಕ್ ನಾರಿಸ್ ಎಂಬ ಮೂವರನ್ನು ಬರಮಾಡಿಕೊಂಡರು. ಇದು ನಮ್ಮ ಕೊಡಗಿನವರು ಹುಲ್ಲಿನ ಮೈದಾನದಲ್ಲಿ ಆಡುವ ಹಾಕಿಯಲ್ಲ. ಹೆಪ್ಪುಗಟ್ಟಿದ ನೀರಿನ ಅಂಗಳದ ಮೇಲೆ ಸ್ಕೇಟು ಕಟ್ಟಿಕೊಂಡು, ಚೆಂಡಿಗೆ ಬದಲಾಗಿ ಪಕ್ ಎಂಬ ರಬ್ಬರಿನ ಬಿಲ್ಲೆಯನ್ನು ಅಟ್ಟಿಕೊಂಡು ಹೋಗುವ ಐಸ್ ಹಾಕಿ. ಫಾರ್ವರ್ಡ್ ಒಬ್ಬನ ಗಳಿಕೆಯಲ್ಲಿ ಅವನ ಸ್ವಂತದ್ದೆಷ್ಟು, ಅವನ ಸಂಗಾತಿಗಳದ್ದೆಷ್ಟು ಎಂಬ ಪ್ರಶ್ನೆಗೆ ಎಸ್ಪೊಸಿಟೊನ ವೃತ್ತಾಂತದಷ್ಟು ಉಪಯುಕ್ತವಾದ ಉದಾಹರಣೆ ಬೇರೊಂದಿಲ್ಲವೆಂದು ನನ್ನ ಎಣಿಕೆ. ಏಕೆಂದರೆ ಆತನನ್ನು ಎರಡು ಬಾರಿ ವಿನಿಮಯ ಮಾಡಿದರು, ಎರಡು ಬಾರಿಯೂ ಜನ ಆತನನ್ನು ತಪ್ಪಾಗಿಯೇ ತೂಗಿದರು.

ಷಿಕಾಗೋದವರ ನಿರ್ಣಯ ಕೇವಲ ಅವಿವೇಕದ್ದೆಂದು ಹೇಳಲಾಗದು. ಆ ವರ್ಷ ಲೀಗಿನಲ್ಲಿ ಪ್ರಥಮಸ್ಥಾನ ಗಳಿಸಿದ್ದ ಅವರ ತಂಡವು ಸೆಮಿಫೈನಲಿನಲ್ಲಿ ಟೊರಾಂಟೋದವರಿಗೆ ಸೋತುಹೋಯಿತು. ಸೋತ ಆ ಆರು ಪಂದ್ಯಗಳಲ್ಲಿ ಎಸ್ಪೊಸಿಟೊ ಗೋಲನ್ನಾಗಲಿ, ಸಂಗಾತಿಯ ಗೋಲಿಗೆ ಪಕ್ ಒದಗಿಸಿಕೊಟ್ಟ ಅಸಿಸ್ಟನ್ನಾಗಲಿ ಒಂದನ್ನೂ ಸಂಪಾದಿಸಲಿಲ್ಲ. ಮಿಂಚಿನ ಹೊಡೆತಕ್ಕೆ ಹೆಸರಾಗಿದ್ದ ಬಾಬಿ ಹಲ್‌ನ ಪಕ್ಕದಲ್ಲಿ ಸೆಂಟರ್ ಆಡುವವನಿಗೆ ಪಾಯಿಂಟುಗಳು (ಗೋಲು, ಅಸಿಸ್ಟುಗಳ ಮೊತ್ತ) ತಾವಾಗಿಯೇ ಬಂದೊದಗುತ್ತವೆಂಬ ಭಾವನೆಯೂ ಇದ್ದಿತು. ಆದರೆ ವಿನಿಮಯಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಆತನ ಗೋಲುಗಳು ಅನುಕ್ರಮವಾಗಿ 23, 27, 21. ವರ್ಷಕ್ಕೆ ಇಪ್ಪತ್ತು ಗೋಲು ಹೊಡೆದವನನ್ನು ಒಳ್ಳೆಯ ಫಾರ್ವರ್ಡೆಂದು ಕರೆಯುತ್ತಿದ್ದ ಕಾಲದಲ್ಲಿ ಇದಕ್ಕಿಂತ ಸ್ಥಿರವಾದ ಸಾಧನೆಯನ್ನು ಯಾರಿಂದ ಅಪೇಕ್ಷಿಸಬೇಕಾಗಿತ್ತು? ಮೂರು ವರ್ಷಗಳ ಸಾಕ್ಷ್ಯವನ್ನು ಆರು ರಾತ್ರಿಗಳ ಸಾಕ್ಷ್ಯವು ಅಳಿಸಿಹಾಕಿತು.

ಬಾಸ್ಟನ್ನಿಗೆ ಹೋದ ಮೊದಲ ವರ್ಷ 84 ಪಾಯಿಂಟ್, ಮರುವರ್ಷ 126. ಒಂದೇ ಋತುವಿನಲ್ಲಿ ನೂರು ಪಾಯಿಂಟುಗಳನ್ನು ಮುಟ್ಟಿದ ಪ್ರಥಮ ಆಟಗಾರನೆಂಬ ಕೀರ್ತಿ ಆತನದಾಯಿತು. 1970–71ರಲ್ಲಂತೂ 76 ಗೋಲು, 76 ಅಸಿಸ್ಟು, ಒಟ್ಟು 152. ಅದಕ್ಕೆ ಮುಂಚಿನ ಗೋಲುದಾಖಲೆ ಅದೇ ಬಾಬಿ ಹಲ್‌ನ 58 ಆಗಿತ್ತೆಂಬುದನ್ನು ನೆನೆದರೆ ಈ ಜಿಗಿತದ ಪ್ರಮಾಣ ತಿಳಿದೀತು. ಇದಕ್ಕೆ ಕಾರಣಗಳು ಹೊರಗೂ ಇದ್ದುವು. 1967ರಲ್ಲಿ ಆರು ತಂಡಗಳ ಲೀಗು ಹನ್ನೆರಡು ತಂಡಗಳದ್ದಾಗಿ, ಎದುರಾಳಿಗಳ ಬಲ ತೆಳುವಾಗಿತ್ತು. ಡಿಫೆನ್ಸಿನಲ್ಲಿದ್ದುಕೊಂಡೇ ಆಕ್ರಮಣವನ್ನು ನಡೆಸುತ್ತಿದ್ದ ಬಾಬಿ ಆರ್, 1970–71ರ ಒಂದೇ ವರ್ಷ 102 ಅಸಿಸ್ಟುಗಳನ್ನು ಕೊಟ್ಟ ಮಹಾನುಭಾವ, ಅದೇ ತಂಡದಲ್ಲಿದ್ದನು. ಮೂಲೆಗಳಲ್ಲಿ ಹೆಣಗಾಡಿ ಪಕ್ಕನ್ನು ಬಿಡಿಸಿಕೊಡಲು ವೇಯ್ನ್ ಕ್ಯಾಷ್‌ಮನ್, ಕೆನ್ ಹಾಡ್ಜ್ ಇಬ್ಬರಿದ್ದರು. ಎಸ್ಪೊಸಿಟೊ ವೇಗದ ಸ್ಕೇಟರನಲ್ಲ. ಗೋಲಿನ ಮುಂದಣ ಇಕ್ಕಟ್ಟಾದ ಜಾಗದಲ್ಲಿ, ಬೆನ್ನಿಗೆ ಬೀಳುವ ಕೋಲಿನೇಟುಗಳನ್ನು ಲೆಕ್ಕಿಸದೆ, ಹಬ್ಬದ ಊಟದ ಪಂಕ್ತಿಯಲ್ಲಿ ಎಲೆ ಹಿಡಿದು ಕುಳಿತವನಂತೆ ಕದಲದೆ ನಿಂತು, ಬಂದ ಪಕ್ಕನ್ನು ಕ್ಷಣಮಾತ್ರದಲ್ಲಿ ಹೊಡೆದುಬಿಡುವುದೇ ಆತನ ವಿದ್ಯೆ. ನೋಡಲು ಅಂದವಲ್ಲದ ಈ ವಿದ್ಯೆಯನ್ನು ಅದೃಷ್ಟವೆಂದು ಕರೆದವರು ಬಹುಮಂದಿ.

ಅದೃಷ್ಟವೋ ಅಲ್ಲವೋ ಎಂಬುದನ್ನು ಪರೀಕ್ಷಿಸುವ ಸಾಧನ ಅಷ್ಟರಲ್ಲಿ ಕೈಗೆ ಬಂದಿತ್ತು. ಗೋಲು, ಅಸಿಸ್ಟುಗಳಿಗೇ ತೃಪ್ತವಾಗಿದ್ದ ಲೀಗು 1959–60ರಿಂದ ಗೋಲಿನತ್ತ ಹೊಡೆದ ಹೊಡೆತಗಳನ್ನೂ ಎಣಿಸತೊಡಗಿತ್ತು. 1970–71ರ 78 ಪಂದ್ಯಗಳಲ್ಲಿ ಎಸ್ಪೊಸಿಟೊ ಹೊಡೆದದ್ದು 550; ಅಂದರೆ ಪಂದ್ಯಕ್ಕೆ ಏಳು ಹೊಡೆತ, ಏಳರಲ್ಲೊಂದು ಗೋಲು. ಏಳರಲ್ಲೊಂದು ಎಂಬುದು ಯಾವ ಒಳ್ಳೆಯ ಫಾರ್ವರ್ಡನಿಗೂ ಸಾಧ್ಯವಾದುದು. ಅಸಾಧಾರಣವಾದುದು ಆ ಪ್ರತಿರಾತ್ರಿಯ ಏಳು. ಗೋಲು ಒಂದು ವಾರ ಬಂದೀತು, ಮತ್ತೊಂದು ವಾರ ಬಾರದಿದ್ದೀತು; ಹೊಡೆಯಬಲ್ಲ ಠಾವಿಗೆ ದಿನದಿನವೂ ಹೋಗಿ ನಿಲ್ಲುವ ಅಭ್ಯಾಸದಲ್ಲಿ ಸ್ಥಿರತೆಯನ್ನು ಹುಡುಕತಕ್ಕದ್ದು. ಮಾಂಟ್ರಿಯಲ್ ತಂಡದವರು 1950ರ ದಶಕದಲ್ಲಿ ತಮ್ಮ ಮಟ್ಟಿಗೆ ಬರೆದಿಟ್ಟುಕೊಳ್ಳುತ್ತಿದ್ದ ಪ್ಲಸ್–ಮೈನಸ್ ಎಂಬ ಎಣಿಕೆಯನ್ನು (ಆಟಗಾರ ಅಂಗಳದಲ್ಲಿರುವಾಗ ತಂಡ ಹೊಡೆದ ಗೋಲಿಗೆ ಒಂದು ಪ್ಲಸ್, ಬಿಟ್ಟುಕೊಟ್ಟ ಗೋಲಿಗೆ ಒಂದು ಮೈನಸ್) ಲೀಗು 1967–68ರಿಂದ ಅಧಿಕೃತವಾಗಿ ಅಂಗೀಕರಿಸಿತು. ಆದರೆ ಆರ್‌ನಂಥವನ ಜೊತೆಗೆ ಅಂಗಳಕ್ಕಿಳಿದ ಎಲ್ಲರಿಗೂ ಅದು ಪ್ಲಸ್ಸನ್ನೇ ಹಂಚುವುದರಿಂದ, ನಮ್ಮ ಪ್ರಶ್ನೆಗೆ ಅದರಿಂದ ಹೆಚ್ಚಿನ ಸಹಾಯವಿಲ್ಲ.

ನಿಜವಾದ ಪರೀಕ್ಷೆ ಎರಡನೆಯ ವಿನಿಮಯದಿಂದ ಆಯಿತು. 1975ರ ನವೆಂಬರ್ 7ರಂದು, ಮೂವತ್ತಮೂರರ ವಯಸ್ಸಿನಲ್ಲಿ, ಕ್ಯಾರಲ್ ವಾಡ್ನೇಯೊಡನೆ ಆತನನ್ನು ನ್ಯೂಯಾರ್ಕ್ ರೇಂಜರ್ಸ್ ತಂಡಕ್ಕೆ ಕಳುಹಿಸಿ, ಬಾಸ್ಟನ್ನಿನವರು ಬ್ರ್ಯಾಡ್ ಪಾರ್ಕ್, ಜೀನ್ ರಾಟೆಲ್, ಜೋ ಝನೂಸಿ ಇವರನ್ನು ತರಿಸಿಕೊಂಡರು. ರಾಟೆಲ್ ಆ ಋತುವಿನಲ್ಲಿ ಎರಡೂ ತಂಡಗಳ ಲೆಕ್ಕ ಸೇರಿ 105 ಪಾಯಿಂಟ್ ಗಳಿಸಿದನಾದ್ದರಿಂದ, ಹಿಂದಿನ ವರ್ಷ 61 ಗೋಲು ಹೊಡೆದಿದ್ದ ಎಸ್ಪೊಸಿಟೊ 35ಕ್ಕೆ ಇಳಿದುದನ್ನು ಕಂಡವರು ಆತನ ಕಥೆ ಮುಗಿಯಿತೆಂದರು. ಮುಂದಿನ ನಾಲ್ಕು ವರ್ಷಗಳ ಆತನ ಪಾಯಿಂಟುಗಳನ್ನು ನೋಡಿ: 80, 81, 78, 78. ಗೋಲುಗಳು 34, 38, 42, 34. ಆರ್ ಇಲ್ಲ, ಕ್ಯಾಷ್‌ಮನ್‌ನೊಡನೆ ಆಡಿದ್ದ ಹಳೆಯ ಲೈನಿಲ್ಲ, ಯೌವನವೂ ಇಲ್ಲ. ಆದರೂ ಸಂಖ್ಯೆಗಳು ಹೀಗೆ ಒಂದರ ಬೆನ್ನಿಗೊಂದು ನಿಂತಿವೆ. ಸಂಗಾತಿಗಳೂ ಕಾಲವೂ ಕೊಟ್ಟದ್ದನ್ನು ಕಳೆದರೆ ಉಳಿಯುವ ಎಸ್ಪೊಸಿಟೊ ವರ್ಷಕ್ಕೆ ಮೂವತ್ತೈದು ಗೋಲಿನ ಆಟಗಾರನೆಂದು ನಾನು ತೀರ್ಮಾನಿಸುತ್ತೇನೆ. ಷಿಕಾಗೋದವರು ಬಿಟ್ಟುಕೊಟ್ಟದ್ದು ಅದನ್ನು, ನ್ಯೂಯಾರ್ಕಿನವರು ಪಡೆದದ್ದೂ ಅದನ್ನೇ. ಆ ಎಪ್ಪತ್ತಾರು ಗೋಲುಗಳು ಆತ ಮತ್ತು ಬಾಸ್ಟನ್ ಸೇರಿ ಹೊಡೆದವು.

1981ರ ಜನವರಿಯಲ್ಲಿ ಆತ ಆಟದಿಂದ ನಿವೃತ್ತನಾದಾಗ ಒಟ್ಟು ಗೋಲುಗಳು 717. ಮರುಋತುವಿನಲ್ಲೇ ವೇಯ್ನ್ ಗ್ರೆಟ್‌ಸ್ಕಿ 92 ಗೋಲು ಹೊಡೆದು ಆ ಎಪ್ಪತ್ತಾರನ್ನು ಹಿಂದೆ ಹಾಕಿದನು. ಒಂದು ಋತುವಿನ 550 ಹೊಡೆತಗಳ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ.